ಹುಣಸಿಹಳ್ಳ ದಾಟಿದ ಎಳೆ

ಕಳೆದ ವಾರ ಬಾಗಲಕೋಟೆಯ ದವಾಖಾನೆಯೊಂದರಲ್ಲಿ ರಕ್ತ ಪರೀಕ್ಷೆಗೆಂದು ತೋಳು ಚಾಚಿ ಕುಳಿತಿದ್ದೆ. ನರ್ಸು ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಮೊಣಕೈಯ ಒಳಬದಿಗೆ ಒರೆಸಿದಳು. ತಣ್ಣಗಿನ ಆ ವಾಸನೆ ಮೂಗಿಗೇರಿತು, ಅಷ್ಟೆ. ಸೂಜಿ ಯಾವಾಗ ಚುಚ್ಚಿದಳೋ ತಿಳಿಯಲಿಲ್ಲ. ನಾನು ಆ ಖುರ್ಚಿಯಲ್ಲಿ ಇರಲೇ ಇಲ್ಲ. ಬಾದಾಮಿಯ ಕೆಂಪು ಬಂಡೆಗಳ ಕೆಳಗಿನ ಒಂದು ಕಲ್ಯಾಣ ಮಂಟಪದಲ್ಲಿದ್ದೆ. ಹೊರಗೆ ಶ್ರಾವಣದ ಜಿಟಿಜಿಟಿ. ನನ್ನ ಎರಡು ಬೆರಳುಗಳ ನಡುವೆ ಇಂಟರ್‌ನೆಟ್ ಹೊರುವ, ಕೂದಲಿಗಿಂತ ಸಣ್ಣದೊಂದು ಗಾಜಿನ ಎಳೆ. ಅದನ್ನು ಸ್ಪಿರಿಟಿನ ಬಟ್ಟೆಯಲ್ಲಿ ಹಿಡಿದು ಜಗ್ಗಿದರೆ, ಪೂರ್ತಿ ಶುಚಿಯಾದಾಗ ಅದು ಕಿವಿಗೆ ಕೇಳಿಯೂ ಕೇಳದ ಹಾಗೆ ಕೀಚ್ ಎನ್ನುತ್ತದೆ. ಆ ದನಿ ಬರುವವರೆಗೂ ಒರೆಸಬೇಕು ಎಂದು ಕಲಿಸಿದ್ದು ಸರಿತಾ ದೀದಿ.

ಆಗ ನನಗೆ ಮೂವತ್ತೊಂದು. ಹುನಗುಂದದಲ್ಲಿ ಕಾಳಿನ ಅಂಗಡಿಯೊಂದರ ಮಾಳಿಗೆಯ ಮೇಲೆ ನಮ್ಮ ಮನೆ, ಅದಕ್ಕಂಟಿಕೊಂಡೇ ಕಂಟ್ರೋಲ್ ರೂಮು. ಅಪ್ಪ ಚನ್ನಪ್ಪ ಮೊದಲು ಟಿವಿ ಕೇಬಲ್ಲು ನಡೆಸುತ್ತಿದ್ದರು, ಆಮೇಲೆ ಅದೇ ಕಂಬಗಳ ಮೇಲೆ ಇಂಟರ್‌ನೆಟ್ ಎಳೆದರು. ಅದಕ್ಕೂ ಎರಡು ವರ್ಷದ ಹಿಂದೆ ಅವರಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು, ನಾಲಿಗೆ ದಪ್ಪವಾಯಿತು. ಡಿಪ್ಲೊಮಾ ಓದಿದ್ದ ನಾನು ಅವರ ಖುರ್ಚಿಗೆ ಬಂದೆ. ಬಂದವಳಿಗೆ ವ್ಯವಹಾರದ ಜೊತೆಗೆ ಒಂದು ಹಗೆಯೂ ಕೈಗೆ ಬಂತು. ಇಳಕಲ್ಲಿನ ರಾಜೇಸಾಬ ಅಲ್ಲಿನ ಕೇಬಲ್ಲಿನವರು. ನನ್ನ ಚಿಕ್ಕಂದಿನಲ್ಲಿ ಅಪ್ಪನ ಜೀವದ ಗೆಳೆಯ, ನನಗೆ ಕಾಕಾ. ಹನ್ನೊಂದು ವರ್ಷದಿಂದ ಎರಡು ಮನೆಗಳ ನಡುವೆ ಮಾತಿರಲಿಲ್ಲ. ಎರಡೂ ಊರುಗಳ ನಡುವೆ ಹುಣಸಿಹಳ್ಳದ ಎರಡೂ ದಂಡೆಯ ಮೇಲೆ ಹರಡಿದ ಒಂದು ಹಳ್ಳಿಯಿದೆ. ಮೊದಲು ಅಲ್ಲಿನ ಮನೆಗಳಿಗೆಲ್ಲ ರಾಜೇಸಾಬರ ಕೇಬಲ್ಲೇ ಹೋಗುತ್ತಿತ್ತು. ಕ್ರಿಕೆಟ್ ಫೈನಲ್ಲಿನ ದಿನ ಹಳ್ಳದ ಹತ್ತಿರ ಯಾರೋ ಅದನ್ನು ಕಡಿದರು. ಇಡೀ ಹಳ್ಳಿಯ ಟಿವಿ ಕಪ್ಪಾಯಿತು. ಮರುವಾರ ಹಳ್ಳದ ಈಚೆಗಿನ ಮನೆಗಳೆಲ್ಲ ಅಪ್ಪನ ಕಡೆ ಬಂದವು. ಚನ್ನಪ್ಪನೇ ಕಡಿಸಿದ ಎಂದು ರಾಜೇಸಾಬ ಊರೆಲ್ಲ ಹೇಳಿಕೊಂಡು ತಿರುಗಿದರು ಎಂದು ಅಪ್ಪ ಹೇಳುತ್ತಿದ್ದರು. ಅಪ್ಪನ ಮೇಲೆ ಸುಳ್ಳು ಹೊರಿಸಿದವರು ಎಂಬ ಸಿಟ್ಟನ್ನು ನಾನೂ ಹೊತ್ತುಕೊಂಡಿದ್ದೆ.

ಬಾದಾಮಿಯ ತರಬೇತಿಗೆ ಕರೆ ಬಂದಾಗ ಅಲ್ಲಿ ರಾಜೇಸಾಬರೂ ಇರುತ್ತಾರೆ ಎಂದು ಗೊತ್ತಿರಲಿಲ್ಲ. ಸಣ್ಣ ಊರುಗಳಲ್ಲಿ ನೆಟ್ ಕೊಡುವವರನ್ನು ಕೂಡಿಸಿ ಐದು ದಿನ ಕಲಿಸುವ ಏರ್ಪಾಡು. ಇಪ್ಪತ್ತು ಮಂದಿ ಬಂದಿದ್ದರು, ಹೆಣ್ಣೆಂದರೆ ನಾನೊಬ್ಬಳೇ. ಶಿರೂರಿನಿಂದ ಬಂದಾತ ಹೊಲ ಹೂಡುವ ಟ್ರ್ಯಾಕ್ಟರಿನಲ್ಲೇ ಕೇಬಲ್ ಸುರುಳಿ ಸಾಗಿಸುತ್ತಿದ್ದನಂತೆ. ಪಟ್ಟದಕಲ್ಲಿನವನಿಗೆ ಗುಡಿ ನೋಡಲು ಬರುವವರು ವೈಫೈ ಕೇಳುವುದೇ ತಲೆನೋವು. ಎಲ್ಲರೂ ಒಬ್ಬರ ಕಂಬವನ್ನು ಒಬ್ಬರು ಕದ್ದವರು, ಒಬ್ಬರ ಗಿರಾಕಿಯನ್ನು ಒಬ್ಬರು ಎಳೆದವರು. ಮೊದಲ ದಿನ ಮದುವೆಯಲ್ಲಿ ಬೀಗರು ಕುಳಿತ ಹಾಗೆ ದೂರ ದೂರ ಕುಳಿತಿದ್ದರು.

ನಮಗೆ ಕಲಿಸಲು ಬಂದ ಸರಿತಾ ದೀದಿ ನೇಪಾಳದವರು. ಗಿಡ್ಡ ಆಳು, ಮೆಲ್ಲಗಿನ ದನಿ, ಸದಾ ಕಾಲಿಗೆ ಗಂಬೂಟು. ಅವರ ಹಿಂದಿ ಬೆಟ್ಟದ ಹಿಂದಿ, ನಮ್ಮದು ಬಾಗಲಕೋಟೆಯ ಹಿಂದಿ. ನಡುವೆ ನಿಂತು ಎರಡನ್ನೂ ಬಿಡಿಸಿ ಹೇಳುತ್ತಿದ್ದವರು ರಾಜೇಸಾಬ ಕಾಕಾ. ಗಡ್ಡ ಬೆಳ್ಳಗಾಗಿತ್ತು. ದೀದಿ ಹೇಳಿದ್ದನ್ನು ಉರ್ದುವಿನಲ್ಲಿ ಹಿಡಿದು ನಮ್ಮ ಕನ್ನಡದಲ್ಲಿ ಇಳಿಸುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಆ ಐದು ದಿನಗಳು ಈಗ ನನಗೆ ಮಂಜಿನೊಳಗಿನಿಂದ ಕಾಣುತ್ತವೆ. ಬೆಳಗ್ಗೆ ಮೋಡ ಬಂಡೆಯ ನೆತ್ತಿಯಿಂದ ಇಳಿದು ಅಗಸ್ತ್ಯ ತೀರ್ಥದ ನೀರಿನ ಮೇಲೆ ಮಲಗಿರುತ್ತಿತ್ತು. ಮಳೆ ಜೋರಾದರೆ ಅಕ್ಕ-ತಂಗಿ ಜಲಪಾತ ಬಂಡೆಯಿಂದ ಎರಡು ಎಳೆಯಾಗಿ ಬೀಳುತ್ತಿತ್ತು. ಎಳೆ ಜೋಡಿಸುವ ಕೆಲಸವನ್ನು ಬಿಟ್ಟು ಎಲ್ಲರೂ ಕಿಟಕಿಗೆ ಬಂದು ನಿಲ್ಲುತ್ತಿದ್ದೆವು, ದೀದಿಯೂ. ಮಧ್ಯಾಹ್ನ ಸಜ್ಜೆ ರೊಟ್ಟಿ, ಹೆಸರುಕಾಳಿನ ಪಲ್ಯ. ಊಟದ ಮೇಲೆ ಕಣ್ಣೆಳೆಯುವ ಹೊತ್ತಿಗೆ ದೀದಿ ತಮ್ಮ ಬೆಟ್ಟದ ಕತೆ ಹೇಳುತ್ತಿದ್ದರು. ಒಂದೇ ಸಂತೆಯಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದ ಇಬ್ಬರು ನೆಟ್ಟಿನವರು. ಗುಡ್ಡ ಜಾರಿ ಒಬ್ಬನ ತಂತಿ ಮಣ್ಣಾಯಿತು. ಇನ್ನೊಬ್ಬನದು ಉಳಿದಿತ್ತು. ನಡುವೆ ಒಂದು ಚಹಾದಂಗಡಿಯ ತಗಡು, ಅಷ್ಟೇ ಅಂತರ. ಆ ತಗಡಿನ ಮೇಲೆ ಒಂದು ಕೇಬಲ್ ಎಸೆಯಲು ಇಬ್ಬರಿಗೂ ಮೂರು ದಿನ ಬೇಕಾಯಿತು. ಕೇಬಲ್ ಇರಲಿಲ್ಲವೆಂದಲ್ಲ, ಮೊದಲು ಯಾರು ಮಾತಾಡಬೇಕೆಂದು. ಆ ಮೂರು ದಿನದಲ್ಲಿ ಏನೇನಾಯಿತೋ ಅದನ್ನು ದೀದಿ ಹೇಳಲಿಲ್ಲ. ಗಂಬೂಟಿನ ಕೆಸರನ್ನು ಕಡ್ಡಿಯಿಂದ ಕೆರೆಯತೊಡಗಿದರು.

ಹುನಗುಂದದಿಂದ ಇಳಕಲ್ಲಿಗೆ ಒಂದು ಫೋಟೊ ಕಳಿಸಿದರೆ ಅದು ಮುಂಬೈಗೆ ಹೋಗಿ ತಿರುಗಿ ಬರುತ್ತದೆ ಎಂದು ಅವರು ತೋರಿಸಿಕೊಟ್ಟಾಗ ನಮಗೆಲ್ಲ ನಗು ಬಂತು, ಆಮೇಲೆ ನಾಚಿಕೆಯೂ ಆಯಿತು. ನೆರೆಯವರು ನೆರೆಯವರಿಗೆ ಎಳೆ ಕೊಟ್ಟುಕೊಳ್ಳಿ, ಒಬ್ಬರದು ಬಿದ್ದಾಗ ಇನ್ನೊಬ್ಬರು ಹೊರುತ್ತಾರೆ. ಐದು ದಿನದ ಪಾಠವೆಲ್ಲ ಅಷ್ಟೇ. ಮೂರನೆಯ ದಿನ ಜೋಡಿ ಮಾಡುವಾಗ ಅವರು ನನ್ನನ್ನು ರಾಜೇಸಾಬರ ಮೇಜಿಗೆ ಹಾಕಿದರು. ನಾನು ಎಳೆ ಹಿಡಿದೆ, ಅವರು ಎಳೆಯ ತುದಿಗಳನ್ನು ಬೆಸೆಯುವ ಯಂತ್ರ ಹಿಡಿದರು. ಅರ್ಧ ದಿನ ಎಳೆಯ ಮಾತು ಬಿಟ್ಟು ಬೇರೆ ಆಡಲಿಲ್ಲ. ಸಂಜೆ ಕೈ ಒರೆಸಿಕೊಳ್ಳುತ್ತ ಕೇಳಿದರು:

"ನಿಮ್ಮಪ್ಪ ಹೆಂಗದಾನ, ಸಾವಿ?"

ಸಾವಿತ್ರಿ ಎಂಬ ನನ್ನನ್ನು ಸಾವಿ ಎಂದು ಕರೆದವರು ಅವರೊಬ್ಬರೇ. ಎದ್ದು ಕೂಡ್ರುತ್ತಾರೆ ಎಂದೆ. ಅವರು ತಲೆಯಾಡಿಸಿದರು.

ಕಡೆಯ ದಿನ ದೀದಿ ದೊಡ್ಡ ಹಾಳೆಯ ಮೇಲೆ ನಮ್ಮ ಊರುಗಳನ್ನೆಲ್ಲ ಚುಕ್ಕೆಯಿಟ್ಟು, ಯಾರು ಯಾರಿಗೆ ಸೇರಬಹುದೆಂದು ಪೆನ್ಸಿಲಿನಿಂದ ಗೆರೆ ಎಳೆದರು. ಹುನಗುಂದದಿಂದ ಇಳಕಲ್ಲಿಗೂ ಒಂದು ಗೆರೆ. ರಾಜೇಸಾಬ ಎದ್ದು ಬಂದು, ಆ ಗೆರೆ ಮಾತ್ರ ಆಗುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ದೀದಿ ಅಳಿಸಲಿಲ್ಲ. ಕಾರಣ ಕೇಳಲೂ ಇಲ್ಲ.

ಆ ಹೊತ್ತಿಗೆ ಮಲಪ್ರಭೆ ಏರುತ್ತಿತ್ತು. ಬಸ್ಸುಗಳು ನಿಂತಿದ್ದವು. ರಾಜೇಸಾಬ ತಮ್ಮ ಜೀಪಿನಲ್ಲಿ ನನ್ನನ್ನು ಹತ್ತಿಸಿಕೊಂಡರು. ಪಟ್ಟದಕಲ್ಲಿನ ಹತ್ತಿರ ಹೊಳೆ ಹೊಲಕ್ಕಿಳಿದು ಸೂರ್ಯಕಾಂತಿಯ ಹೂವುಗಳಷ್ಟೇ ಮೇಲೆ ಕಾಣುತ್ತಿದ್ದವು, ಎಲ್ಲವೂ ಒಂದೇ ಕಡೆ ಮುಖ ಮಾಡಿ ನೀರಿನಲ್ಲಿ ನಿಂತಿದ್ದವು. ಗುಡಿಗಳ ಶಿಖರ ಮಳೆಯಲ್ಲಿ ಕರಗುತ್ತಿರುವಂತೆ ತೋರಿತು. ವೈಪರಿನ ಸದ್ದಿನ ನಡುವೆ ಅವರು ತಾವಾಗಿಯೇ ಹೇಳತೊಡಗಿದರು. ಅವರ ಬಳಿ ಯಮನಪ್ಪನೆಂಬ ಲೈನ್‌ಮ್ಯಾನ್ ಇದ್ದ. ಇಪ್ಪತ್ತೈದರ ಹರೆಯ, ಮಗನಂತೆ ಸಾಕಿದ್ದರು. ಹಳ್ಳದ ಸಣ್ಣ ಸೇತುವೆಯ ಕೆಳಗೆ ಪೈಪು ಹೂತು ಅದರೊಳಗೆ ಕೇಬಲ್ ದಾಟಿಸಿದವನು ಅವನೇ. ಕೇಬಲ್ ಕಡಿದದ್ದು ಆ ಪೈಪಿನ ಬಾಯಲ್ಲಿ. ಜಾಗ ಗೊತ್ತಿದ್ದವರು ಮನೆಯವರಷ್ಟೇ. ಅದೇ ವಾರ ಅವನು ನಮ್ಮ ಕಂಟ್ರೋಲ್ ರೂಮಿನಲ್ಲಿ ಚಹಾ ಕುಡಿಯುವುದನ್ನು ಯಾರೋ ನೋಡಿದ್ದರು.

"ನಿಮ್ಮಪ್ಪ ಅವಗ ರೊಕ್ಕಾ ಕೊಟ್ಟು ಕಡಿಸ್ಯಾನ. ಅವನ್ನ ಓಣಿ ಮಂದಿ ಮುಂದ ನಿಂದರಿಸಿ ಹೊರಗ ಹಾಕಿದೆ, ಸಾವಿ. ಅಂವಾ ಅಳಲೂ ಇಲ್ಲ."

ಅಪ್ಪ ಅಂಥವರಲ್ಲ ಎಂದು ನಾನು ಜಗಳ ತೆಗೆದೆ. ಅವರು ವೈಪರಿನ ವೇಗ ಹೆಚ್ಚಿಸಿದರು. ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಇಳಿಸಿ ಹೋದರು.

ಮರುದಿನ ಬೆಳಗ್ಗೆ ಅಪ್ಪನಿಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಿಸುವಾಗ ಯಮನಪ್ಪನ ಹೆಸರು ಹೇಳಿದೆ. ತುತ್ತು ಬಾಯಲ್ಲೇ ನಿಂತಿತು. ಅವರ ಮಾತು ಆಗ ನನಗೊಬ್ಬಳಿಗೇ ತಿಳಿಯುತ್ತಿತ್ತು, ಆದರೆ ಅಂದು ಮೊದಲಿಗೆ ಮಾತಿನ ಅಗತ್ಯವೇ ಬೀಳಲಿಲ್ಲ. ಎಡಗೈಯ ಎರಡು ಬೆರಳನ್ನು ಎತ್ತಿ ಕತ್ತರಿಯ ಹಾಗೆ ಕೂಡಿಸಿ ಬಿಡಿಸಿದರು. ಆಮೇಲೆ ಅದೇ ಕೈಯನ್ನು ತಮ್ಮ ಎದೆಯ ಮೇಲಿಟ್ಟುಕೊಂಡರು. ಉಳಿದದ್ದನ್ನು ತೊದಲುತ್ತ ಹೇಳಿದರು. ಯಮನಪ್ಪ ಚಹಾ ಕುಡಿಯುತ್ತ ಪೈಪು ಹೂತ ಬಗೆಯನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದನಂತೆ. ಅಪ್ಪ ಒಬ್ಬರೇ ಹೋಗಿ ಕಡಿದು ಬಂದಿದ್ದರು. ತಮ್ಮ ಹೆಸರು ಕೆಟ್ಟಿತೆಂದು ಹನ್ನೊಂದು ವರ್ಷ ಗೊಣಗಿದವರು, ನಿಜವಾಗಿ ಕೆಟ್ಟದ್ದು ಯಮನಪ್ಪನ ಹೆಸರೆಂದು ಒಮ್ಮೆಯೂ ಹೇಳಿರಲಿಲ್ಲ. ಅಪ್ಪನ ಬಾಯಿ ಒರೆಸಿ ಹೊರಗೆ ಬಂದು ಮಾಳಿಗೆಯ ಮೆಟ್ಟಿಲ ಮೇಲೆ ಕುಳಿತೆ. ಮಳೆ ಬೀಳುತ್ತಲೇ ಇತ್ತು. ಏನನ್ನೂ ಮಾಡಬೇಕೆನಿಸಲಿಲ್ಲ. ಯಾರಿಗೂ ಹೇಳದೆ ಇದ್ದುಬಿಡಬಹುದು ಎಂದೂ ಅನಿಸಿತು. ಅದನ್ನು ಈಗ ಮುಚ್ಚಿಡುವುದಿಲ್ಲ.

ಅದರ ಮರುದಿನ ಮಲಪ್ರಭೆ ಸೇತುವೆಯ ಮೇಲೇರಿತು. ಬಾಗಲಕೋಟೆಯ ಕಡೆಯಿಂದ ನಮಗೆ ಬರುವ ದೊಡ್ಡ ಕೇಬಲ್ಲು ಆ ಸೇತುವೆಯ ಪಕ್ಕದಲ್ಲೇ ಇತ್ತು. ಅದು ಕೊಚ್ಚಿಹೋಯಿತು. ಮೊಬೈಲ್ ಟವರುಗಳಿಗೂ ಅದೇ ದಾರಿ, ಅವೂ ಮೂಕವಾದವು. ಹೊಳೆದಂಡೆಯ ಹಳ್ಳಿಗಳವರು ಟ್ರಂಕು, ಆಡು, ಮಕ್ಕಳ ಸಮೇತ ಹುನಗುಂದದ ಸಾಲೆಗಳಿಗೆ ಬಂದರು. ಯಾರ ಮನೆಯವರು ಯಾವ ದಂಡೆಯಲ್ಲಿ ಉಳಿದರೋ ತಿಳಿಯುವಂತಿರಲಿಲ್ಲ. ಒಬ್ಬ ತಾಯಿ ತಾಸಿಗೊಮ್ಮೆ ನಮ್ಮ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಅವಳ ಮಗಳು ದಿನ ತುಂಬಿದ ಬಸುರಿ, ನೀರು ಬರುವ ಮುಂಚೆ ಆಚೆ ದಂಡೆಯಿಂದ ಬಾಗಲಕೋಟೆಗೆ ಸಾಗಿಸಿದ್ದರಂತೆ. "ಬಂತೇನವಾ?" ಎಂದಷ್ಟೇ ಕೇಳುತ್ತಿದ್ದಳು. ಇಲ್ಲವೆಂದರೆ ಬೈಯದೆ ಇಳಿದು ಹೋಗುತ್ತಿದ್ದಳು. ಐದನೆಯ ಸಲ ಅವಳು ಇಳಿದುಹೋದ ಮೇಲೆ ನಾನು ಸ್ಕೂಟರ್ ತೆಗೆದೆ.

ಇಳಕಲ್ಲಿಗೆ ನೆಟ್ಟು ಬರುವುದು ಕುಷ್ಟಗಿಯ ಕಡೆಯ ಹೆದ್ದಾರಿಯಿಂದ, ಅಲ್ಲಿ ಎಲ್ಲವೂ ನಡೆಯುತ್ತಿತ್ತು. ಸೀರೆ ಅಂಗಡಿಗಳ ಸಾಲಿನ ಹಿಂದೆ ರಾಜೇಸಾಬರ ಕಚೇರಿ. ಒದ್ದೆ ರೇನ್‌ಕೋಟಿನಲ್ಲೇ ನಿಂತು ಹೇಳಿಬಿಟ್ಟೆ. ಕಡಿದದ್ದು ಅಪ್ಪ, ತಾವೊಬ್ಬರೇ, ಯಮನಪ್ಪನಿಗೆ ಏನೂ ಗೊತ್ತಿಲ್ಲ. ಅವರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. ಅಪ್ಪನ ಮೇಲೆ ಒಂದು ಮಾತೂ ಬರಲಿಲ್ಲ.

"ಆ ಹುಡುಗನ ಮುಂದ ನಾ ಹೆಂಗ ನಿಂದರಲಿ?" ಎಂದರು.

ಯಮನಪ್ಪ ಊರ ಹೊರಗಿನ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲಿಗೆ ಪಾಲಿಶ್ ಹಿಡಿಸುತ್ತಿದ್ದ. ಈಗ ಅವನು ಹುಡುಗನಾಗಿರಲಿಲ್ಲ. ಕಣ್ಣ ರೆಪ್ಪೆಯವರೆಗೂ ಬೂದು ಕೆಸರು. ನಮ್ಮನ್ನು ನೋಡಿ ಯಂತ್ರ ನಿಲ್ಲಿಸಿದ. ರಾಜೇಸಾಬ ಬರಿತಲೆಯಲ್ಲಿ ಅವನೆದುರು ನಿಂತು, ನಾನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ತಪ್ಪಾತು ಎಂದರು. ಯಮನಪ್ಪ ಕಲ್ಲಿನ ಮೇಲೆ ಹರಿಯುವ ನೀರನ್ನು ನೋಡುತ್ತಲೇ ಇದ್ದ. ಹಳ್ಳದ ಎರಡೂ ದಂಡೆಗೆ ನಮ್ಮಿಬ್ಬರ ಎಳೆಗಳು ಬಂದು ನಿಂತಿವೆ, ನಡುವಿನದು ಆ ಹಳೆಯ ಪೈಪು, ಹನ್ನೊಂದು ವರ್ಷದ ಮಣ್ಣಿನ ಕೆಳಗೆ ಅದರ ಬಾಯಿ ಎಲ್ಲಿದೆಯೆಂದು ಈಗ ಅವನಿಗಷ್ಟೇ ಗೊತ್ತು ಎಂದು ನಾನು ಹೇಳಿದೆ. ಸಾಲೆಗಳಲ್ಲಿ ಕುಳಿತ ಮಂದಿಯ ಬಗ್ಗೆ ಹೇಳಿದೆ, ಆ ತಾಯಿಯ ಬಗ್ಗೆಯೂ.

"ಮಂದಿ ನೀರಾಗ ಅದಾರಂದ್ರ ಬರ್ತೇನಿ," ಎಂದ. "ಉಳಿದದ್ದು ಆಮ್ಯಾಲೆ ಮಾತಾಡೂಣು."

ಆ ಮಧ್ಯಾಹ್ನ ಮೋಡ ಸ್ವಲ್ಪ ಹರಿದು, ಹಳ್ಳದ ಮೇಲೆ ಅರಿಶಿನದಂಥ ಬಿಸಿಲು ಬಿತ್ತು. ಕೆಂಪು ನೀರು ಸೇತುವೆಯ ಕಣ್ಣುಗಳಿಗೆ ಹೊಡೆದು ಸುತ್ತುತ್ತಿತ್ತು. ಯಮನಪ್ಪ ಗಡಿಕಲ್ಲಿನಿಂದ ಹೆಜ್ಜೆ ಎಣಿಸುತ್ತ ಬಂದು, ಜಾಲಿಯ ಬುಡವೊಂದನ್ನು ತೋರಿಸಿ ಅಗೆಯತೊಡಗಿದ. ಮೊಳಕಾಲುದ್ದ ಅಗೆದಾಗ ಪೈಪಿನ ಬಾಯಿ ಸಿಕ್ಕಿತು. ಒಳಗೆ ಕೇಬಲ್ಲಿನ ತುಂಡೊಂದು ಇನ್ನೂ ಇತ್ತು. ನೀಟಾಗಿ ಕತ್ತರಿಸಿದ ತುದಿ. ಅವನು ಅದನ್ನು ಹೊರಗೆಳೆದು ಹೆಬ್ಬೆರಳಿನಿಂದ ಒಮ್ಮೆ ಸವರಿ ಪಕ್ಕಕ್ಕಿಟ್ಟ. ಹಗ್ಗ ತೂರಿಸಿ, ಆಚೆ ದಂಡೆಗೆ ಹೋಗಿ, ಹೊಸ ಕೇಬಲ್ಲನ್ನು ಕೈಯಳತೆ ಕೈಯಳತೆಯಾಗಿ ಎಳೆದ.

ಜೀಪಿನ ಹಿಂಬದಿಯಲ್ಲಿ ಯಂತ್ರ ಇಟ್ಟುಕೊಂಡು ನಾನು ಎಳೆ ಜೋಡಿಸಿದೆ. ಮತ್ತೆ ಹನಿಯತೊಡಗಿದ್ದರಿಂದ ರಾಜೇಸಾಬ ಕೊಡೆ ಹಿಡಿದು ನಿಂತರು. ಎಳೆಗೆ ಹನಿ ತಾಗಿ ಮೊದಲನೆಯದು ಕೆಟ್ಟಿತು. ಮತ್ತೆ ಕತ್ತರಿಸಿ, ಮತ್ತೆ ಒರೆಸಿದೆ. ಸಣ್ಣ ಪರದೆಯ ಮೇಲೆ ಎರಡು ತುದಿಗಳು ತಡವುತ್ತ ತಡವುತ್ತ ಹತ್ತಿರ ಬಂದು, ಒಂದು ಕಿಡಿ ಹಾರಿ, ನಡುವಿನ ಗೆರೆ ಮಾಯವಾಯಿತು. ನನ್ನ ಹೆಗಲ ಹಿಂದಿನಿಂದ ನೋಡುತ್ತಿದ್ದ ಯಮನಪ್ಪ ಕೇಳಿದ:

"ಇಷ್ಟ ಏನ್ರಿ?"

ಹೌದು, ಇಷ್ಟೇ ಎಂದೆ. ಹಳ್ಳದ ಎರಡೂ ದಂಡೆಯ ಜೋಡಣೆ ಮುಗಿಸಿ ರಾಜೇಸಾಬ ಇಳಕಲ್ಲಿಗೆ ತಿರುಗಿದರು. ಹುಬ್ಬಳ್ಳಿಯಿಂದ ಊರಿಗೆ ಹೊರಡಬೇಕಿದ್ದ ದೀದಿ ಹೊರಡದೆ ಎರಡೂ ಊರಿನ ನೆಟ್ಟು ಕೂಡಲು ರೌಟರಿನ ಪೆಟ್ಟಿಗೆಯಲ್ಲಿ ಏನೇನು ಬರೆಯಬೇಕೆಂದು ಅವರಿಗೆ ಫೋನಿನಲ್ಲಿ ಹೇಳುತ್ತ ಕುಳಿತಿದ್ದರು. ನನ್ನ ಕಡೆ ಬರೆಯಬೇಕಾದದ್ದನ್ನು ಇಳಕಲ್ಲಿನಲ್ಲೇ ಫೋನಿನಲ್ಲಿ ದೀದಿಯಿಂದ ಹಾಳೆಗೆ ಇಳಿಸಿಕೊಂಡಿದ್ದೆ. ನಾನು ಹುನಗುಂದಕ್ಕೆ ಹೊರಟಾಗ ಯಮನಪ್ಪ ಕರೆಯದೆಯೇ ಸ್ಕೂಟರಿನ ಹಿಂದೆ ಕುಳಿತ.

ದೀಪ ಹಚ್ಚುವ ಹೊತ್ತಿಗೆ ನಮ್ಮ ಪೆಟ್ಟಿಗೆಯಲ್ಲಿ ಹಸಿರು ಚುಕ್ಕೆ ಹೊತ್ತಿಕೊಂಡಿತು. ಸಾಲೆಗಳಲ್ಲಿ ಯಾರು ಬೇಕಾದರೂ ಬಳಸುವ ಹಾಗೆ ವೈಫೈ ತೆರೆದಿಟ್ಟೆ. ಕಾರಿಡಾರಿನುದ್ದ ಮುಖಗಳು ಒಂದೊಂದಾಗಿ ಬೆಳಗಿದವಂತೆ, ನಾನು ನೋಡಲಿಲ್ಲ. ಆ ತಾಯಿ ಮಾತ್ರ ಮತ್ತೊಮ್ಮೆ ಮೆಟ್ಟಿಲು ಹತ್ತಿ ಬಂದಳು. ಈ ಸಲ ಏನನ್ನೂ ಕೇಳಲಿಲ್ಲ. ಹೆಣ್ಣು ಕೂಸು, ಇಬ್ಬರೂ ಆರಾಮ ಅದಾರ ಎಂದು ಹೇಳಿ, ನನ್ನ ಕೆನ್ನೆ ಮುಟ್ಟಿ ನೆಟಿಗೆ ಮುರಿದು ಹೋದಳು.

ದೀದಿ ಹಾಳೆಯ ಮೇಲೆ ಎಳೆದ ಗೆರೆಗಳಲ್ಲಿ ಆರೋ ಏಳೋ ಈಗ ನಿಜವಾದ ಎಳೆಗಳಾಗಿವೆ. ತಿಂಗಳಿಗೊಮ್ಮೆ ಯಾರದಾದರೂ ಊರಿನಲ್ಲಿ ಕೂಡುತ್ತೇವೆ, ಜಗಳವೂ ಆಗುತ್ತದೆ. ಮರುವರ್ಷ ಅಪ್ಪ ಹೋದರು. ರಾಜೇಸಾಬ ಮಣ್ಣಿಗೆ ಬಂದು ಒಂದು ಹಿಡಿ ಹಾಕಿದರು. ಯಮನಪ್ಪ ಕಲ್ಲಿನ ಕೆಲಸ ಬಿಟ್ಟು ನಮ್ಮೆಲ್ಲರ ಎಳೆಗಳನ್ನೂ ನೋಡಿಕೊಳ್ಳುತ್ತಾನೆ, ಯಾರೊಬ್ಬರ ಆಳೂ ಅಲ್ಲ. ಆದರೆ ಆ ಶ್ರಾವಣ ಎಂದರೆ ನನ್ನ ಕಣ್ಣಿಗೆ ಕಟ್ಟುವುದು ಇದಾವುದೂ ಅಲ್ಲ. ಆ ಸಂಜೆಯೇ, ಆ ತಾಯಿ ಇಳಿದು ಹೋದ ಮೇಲೆ ನಡೆದದ್ದು.

ಅಪ್ಪ ಕಂಟ್ರೋಲ್ ರೂಮಿನ ಮೂಲೆಯಲ್ಲಿ ಖುರ್ಚಿಯಲ್ಲಿದ್ದರು. ಯಮನಪ್ಪ ಒಳಬಂದಾಗಿನಿಂದ ಅವನನ್ನು ನೇರ ನೋಡಿರಲಿಲ್ಲ. ಅವನು ಕೈ ತೊಳೆದುಕೊಂಡು ಬಂದು ಅವರೆದುರು ನೆಲದ ಮೇಲೆ ಕುಳಿತ. ದನಿಯಲ್ಲಿ ಸಿಟ್ಟಿರಲಿಲ್ಲ.

"ನಮ್ಮಪ್ಪ ಸಾಯೂತನಕಾ ನನ್ನ ಕಳ್ಳ ಅಂತ ತಿಳಕೊಂಡಿದ್ದ. ಅಂವಗ ಇನ್ನ ಹೇಳಾಕ ಬರೂದಿಲ್ಲ. ಅವ್ವ ಅದಾಳ್ರಿ. ಆಕಿಗೆ ಹೇಳ್ರಿ."

ಅಪ್ಪ ಗೋಣು ಹಾಕಿದರು. ಯಮನಪ್ಪ ಇಳಕಲ್ಲಿನ ತನ್ನ ಮನೆಗೆ ವಿಡಿಯೊ ಕರೆ ಹಚ್ಚಿ, ಫೋನನ್ನು ಅಪ್ಪನ ಮುಖದ ಎದುರು ಹಿಡಿದ. ಪರದೆಯ ತುಂಬ ಒಬ್ಬ ಮುದುಕಿ, ತಲೆಯ ಮೇಲೆ ಕೆಂಪು ಸೆರಗು. ಅಪ್ಪ ಹೇಳತೊಡಗಿದರು. ಹಿಂದೆಂದೂ ಅಷ್ಟು ಹೊತ್ತು ಅವರು ಮಾತಾಡಿದ್ದಿಲ್ಲ, ಲಕ್ವಾ ಹೊಡೆದ ಮೇಲೆ. ಬೆವರು ಇಳಿಯುತ್ತಿತ್ತು. ಮುದುಕಿ ಕಿವಿಯನ್ನು ಫೋನಿಗೆ ಆನಿಸಿದಳು, ದೂರ ಸರಿಸಿದಳು.

"ಯಾರಪಾ ಇವರು? ಏನಂತಾರ? ಒಂದೂ ತಿಳಿವಲ್ದು."

ಅಪ್ಪ ನನ್ನ ಕಡೆ ತಿರುಗಿದರು. ನಾನು ಹೋಗಿ ಅವರ ಪಕ್ಕ ಮೊಳಕಾಲೂರಿ, ಪರದೆಯೊಳಗೆ ನನ್ನ ಮುಖವೂ ಬರುವ ಹಾಗೆ ಕುಳಿತೆ.

"ಯವ್ವಾ, ನಾ ಹುನಗುಂದದ ಚನ್ನಪ್ಪನ ಮಗಳು. ಅವತ್ತ ವೈರ್ ಕಡದಾಂವ ನಿಮ್ಮ ಮಗ ಅಲ್ರಿ. ನಮ್ಮಪ್ಪ ಕಡದಾನ."

ಮುದುಕಿ ಮಿಸುಕಲಿಲ್ಲ. ಚಿತ್ರವೇ ನಿಂತುಹೋಯಿತೆಂದು ಪೆಟ್ಟಿಗೆಯ ಕಡೆ ನೋಡಿದೆ. ಹಸಿರು ಚುಕ್ಕೆಗಳು ಮಿನುಗುತ್ತಲೇ ಇದ್ದವು. ಆಮೇಲೆ ಅವಳ ದನಿ ಬಂತು.

"ಸ್ವಲ್ಪ ತಡಿಯವಾ. ಓಣ್ಯಾಗಿನ ಮಂದಿನ್ನ ಕರಕೊಂಡ ಬರ್ತೇನಿ. ಇದನ್ನ ಅವರ ಮುಂದ ಹೇಳು."

ಫೋನನ್ನು ಎಲ್ಲೋ ಇಟ್ಟು ಹೋದಳು. ಪರದೆಯಲ್ಲಿ ಬರೀ ಮಾಳಿಗೆಯ ತೊಲೆ. ಬಾಗಿಲುಗಳು ತೆರೆದ ಸದ್ದು, ಹೆಸರು ಹಿಡಿದು ಕೂಗಿದ್ದು, ಬಳೆಗಳು, ಒದ್ದೆ ಕಾಲುಗಳು. ಅಪ್ಪ ಎಡಗೈಯಿಂದ ಖುರ್ಚಿಯ ತೋಳು ಹಿಡಿದು ನೆಟ್ಟಗೆ ಕುಳಿತರು. ಕೊರಳ ಗುಂಡಿ ಹಾಕಲು ನನಗೆ ಸನ್ನೆ ಮಾಡಿದರು, ಹಾಕಿದೆ. ಒಂದು ಮುಖ ಬಂತು, ಎರಡು, ಆರು, ಎಂಟು. ಹಿಂದೆ ನಿಂತವರಿಗೆ ಕಾಣುವುದಿಲ್ಲವೆಂದು ಯಾರೋ ಫೋನನ್ನು ಎತ್ತಿ ಹಿಡಿದರು.

ನಾನು ಅಪ್ಪನ ಪೂರ್ತಿ ಹೆಸರು ಹೇಳಿ, ಮೊದಲಿನಿಂದ ಶುರು ಮಾಡಿದೆ.